ತವರದ ತವರಿನಲ್ಲಿ ಒಂದು ನಡಿಗೆ

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಹೊರಡುವ ರೈಲು ಐದು ತಾಸಿಗೂ ಹೆಚ್ಚು ಕಾಲ ಪಶ್ಚಿಮಕ್ಕೆ ಓಡಿ, ಇನ್ನು ಮುಂದೆ ಹಳಿ ಹಾಸಲು ನೆಲವಿಲ್ಲ ಎಂಬಂತೆ ಕಡಲ ಬದಿಯಲ್ಲಿ ನಿಲ್ಲುತ್ತದೆ. ಆ ಊರು ಪೆನ್‌ಜಾನ್ಸ್. ಅಲ್ಲಿಂದ ಬಸ್ಸು ಹಿಡಿದು, ಕಲ್ಲುಗೋಡೆಗಳ ನಡುವಿನ ಇಕ್ಕಟ್ಟಾದ ರಸ್ತೆಯಲ್ಲಿ ಹತ್ತು ಹನ್ನೊಂದು ಕಿ.ಮೀ. ಸಾಗಿದರೆ ಪೆಂಡೀನ್ ಎಂಬ ಹಳ್ಳಿ ಸಿಗುತ್ತದೆ. ಕಾರ್ನ್‌ವಾಲ್ ಪ್ರಾಂತದ ಪಶ್ಚಿಮ ಅಂಚಿನ ಈ ಊರಿನಲ್ಲಿ ಒಂದು ದಿನ ಕಳೆಯಬೇಕೆಂಬುದು ನನ್ನ ಬಹುದಿನಗಳ ಆಸೆ.

ಲಂಡನ್ನಿನಲ್ಲಿ ನೆಲೆಸಿರುವ ಮಗಳಿಗೆ ಇದು ವಿಚಿತ್ರವಾಗಿ ಕಂಡಿತು. 'ಇಷ್ಟು ದೂರ ಬಂದು ಯಾರಾದರೂ ಮುಚ್ಚಿಹೋದ ಗಣಿ ನೋಡುತ್ತಾರೆಯೇ ಅಪ್ಪ?' ಎಂದು ಕೇಳಿದಳು. ಅವಳ ಪ್ರಶ್ನೆ ಸರಿಯಾದದ್ದೇ. ಆದರೆ ಸೇವಾವಧಿಯ ಕೆಲವು ವರ್ಷಗಳನ್ನು ಕೋಲಾರ ಜಿಲ್ಲೆಯಲ್ಲಿ ಕಳೆದವನಿಗೆ, ಅದರಲ್ಲೂ 2001ರ ಫೆಬ್ರುವರಿ 28ರಂದು ಕೋಲಾರ ಚಿನ್ನದ ಗಣಿಗಳು ಮುಚ್ಚಿದ್ದನ್ನು ಹತ್ತಿರದಿಂದ ಕಂಡವನಿಗೆ, ಕಾರ್ನ್‌ವಾಲ್ ಎಂಬ ಹೆಸರು ಕೇವಲ ಪ್ರವಾಸಿ ತಾಣದ ಹೆಸರಲ್ಲ. 1880ರಲ್ಲಿ ಕೋಲಾರದ ಗಣಿಗಳ ಆಡಳಿತವನ್ನು ಕೈಗೆತ್ತಿಕೊಂಡ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಪಳಗಿದ್ದು ಇದೇ ಕಾರ್ನ್‌ವಾಲ್‌ನ ತಾಮ್ರ ಮತ್ತು ತವರದ ಗಣಿಗಳಲ್ಲಿ. ಗಣಿಯ ಮೇಲ್ವಿಚಾರಕನನ್ನು 'ಕ್ಯಾಪ್ಟನ್' ಎಂದು ಕರೆಯುವ ರೂಢಿಯೂ ಕಾರ್ನ್‌ವಾಲ್‌ನದೇ. ಬಂಗಾರಪೇಟೆಯ ಬಯಲಿನಲ್ಲಿ 'ಪುಟ್ಟ ಇಂಗ್ಲೆಂಡ್' ಎನಿಸಿಕೊಂಡ ಊರೊಂದು ಎದ್ದು ನಿಂತಾಗ ಅದರ ಗಣಿವಿದ್ಯೆಯ ಬಹುಪಾಲು ಬಂದದ್ದು ಈ ಮೂಲೆಯಿಂದ.

ಮೇ ತಿಂಗಳ ಬೆಳಗು. ಬಿಸಿಲಿದ್ದರೂ ಅಟ್ಲಾಂಟಿಕ್ ಕಡೆಯಿಂದ ಬೀಸುವ ಗಾಳಿಗೆ ಕಿವಿ ಮುಚ್ಚಿಕೊಳ್ಳಬೇಕು. ಬಸ್ಸಿಳಿದ ಮೇಲೆ ನಾನು ಮೊದಲು ಹೋದದ್ದು ಇಗರ್ಜಿಗೆ. 1852ರಲ್ಲಿ ಪೂರ್ಣಗೊಂಡ ಈ ಕಟ್ಟಡದ ನಕ್ಷೆಯನ್ನು ಸ್ಕಾಟ್ಲೆಂಡಿನ ಅಯೋನಾ ದ್ವೀಪದ ದೇವಾಲಯವನ್ನು ಮಾದರಿಯಾಗಿಟ್ಟುಕೊಂಡು ಸಿದ್ಧಪಡಿಸಿದವರು ಇಲ್ಲಿನ ಪಾದ್ರಿ ರಾಬರ್ಟ್ ಐಟ್‌ಕೆನ್. ಕಟ್ಟಿದವರು ಊರಿನ ಗಣಿಗಾರರೇ. ದಿನವಿಡೀ ನೆಲದೊಳಗೆ ಕಲ್ಲು ಒಡೆಯುವ ಕೈಗಳು ನೆಲದ ಮೇಲೆ ಕಲ್ಲಿಗೆ ಕಲ್ಲು ಜೋಡಿಸಿದವು. ಒಳಗೆ ಯಾರೂ ಇರಲಿಲ್ಲ. ಗಾಳಿಯ ಸದ್ದೂ ಗೋಡೆಯ ಆಚೆಗೇ ನಿಂತಿತ್ತು.

ಊರು ಎಂದರೆ ಉದ್ದಕ್ಕೆ ಹರಡಿದ ಒಂದು ರಸ್ತೆ. ಅದರ ಇಬ್ಬದಿಗಳಲ್ಲಿ ಗ್ರಾನೈಟ್ ಕಲ್ಲಿನ ಸಾಲುಮನೆಗಳು. ತಗ್ಗಾದ ಬಾಗಿಲು, ಪುಟ್ಟ ಕಿಟಕಿ. ಗಣಿಗಾರರಿಗೆಂದು ಕಟ್ಟಿದ ಮನೆಗಳಿವು. ಸುತ್ತಲಿನ ಹೊಲಗಳು ಪುಟ್ಟಪುಟ್ಟವು. ಅವುಗಳ ನಡುವಿನ ಕಲ್ಲಿನ ಬದುಗಳಲ್ಲಿ ಕೆಲವು ಕ್ರಿಸ್ತಪೂರ್ವ ಕಾಲದವು ಎನ್ನುತ್ತಾರೆ ಪ್ರಾಕ್ತನ ತಜ್ಞರು. ಕೆಲವು ಊರುಗಳ ಫಲಕಗಳಲ್ಲಿ ಇಂಗ್ಲಿಷಿನ ಜೊತೆಗೆ ಕಾರ್ನಿಷ್ ಭಾಷೆಯೂ ಇದೆ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಜನರ ಆಡುಮಾತಾಗಿ ಅಳಿದುಹೋಗಿದ್ದ ಆ ಭಾಷೆಯನ್ನು ಆಸಕ್ತರು ಮತ್ತೆ ಕಟ್ಟಿದರು. 2002ರಲ್ಲಿ ಬ್ರಿಟಿಷ್ ಸರ್ಕಾರ ಅದಕ್ಕೆ ಮಾನ್ಯತೆ ನೀಡಿತು. ಹೋದದ್ದನ್ನು ಹೋಯಿತೆಂದು ಸುಮ್ಮನೆ ಬಿಟ್ಟುಕೊಡದ ಜನ ಎಂದುಕೊಂಡು ಮುಂದೆ ನಡೆದೆ.

ಹಳ್ಳಿಯ ಅಂಚಿನಲ್ಲಿ, ಕಡಲಿಗೆ ಮುಖ ಮಾಡಿ ನಿಂತಿರುವುದು ಗೀವರ್ ತವರದ ಗಣಿ. ಗಣಿಯ ಬಾಯಿಯ ಮೇಲೆ ಎತ್ತರದ ಕಬ್ಬಿಣದ ಚೌಕಟ್ಟು, ಅದರ ತುದಿಯಲ್ಲಿ ಗಾಲಿ. ಅದನ್ನು ಕಂಡ ಕೂಡಲೇ ನನ್ನ ಕಾಲು ನಿಂತಿತು. ಚಾಂಪಿಯನ್ ರೀಫ್ ಬಳಿ ದಿನವೂ ಕಾಣುತ್ತಿದ್ದ ಆಕಾರವೇ ಅದು.

1911ರಿಂದ 1990ರವರೆಗೆ ಈ ಗಣಿ ಸುಮಾರು 50,000 ಟನ್ ತವರದ ಅದಿರುಪುಡಿಯನ್ನು ಹೊರತೆಗೆಯಿತು. ಅದು ಮುಚ್ಚಿದ ಕಥೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದಬೇಕಾದದ್ದು. ತವರದ ಬೆಲೆಯನ್ನು ಸ್ಥಿರವಾಗಿಡಲು 1956ರಲ್ಲಿ ಉತ್ಪಾದಕ ಮತ್ತು ಬಳಕೆದಾರ ದೇಶಗಳು ಸೇರಿ ಅಂತರರಾಷ್ಟ್ರೀಯ ತವರ ಮಂಡಳಿಯನ್ನು ಸ್ಥಾಪಿಸಿದ್ದವು. ಬೆಲೆ ಇಳಿದಾಗ ಮಂಡಳಿ ಕೊಂಡು ದಾಸ್ತಾನು ಮಾಡುವುದು, ಏರಿದಾಗ ಮಾರುವುದು. ನಮ್ಮ ಆಹಾರಧಾನ್ಯದ ದಾಸ್ತಾನು ವ್ಯವಸ್ಥೆಯನ್ನು ಬಲ್ಲವರಿಗೆ ಇದರ ತರ್ಕ ಹೊಸದಲ್ಲ. ಆದರೆ ಎಂಬತ್ತರ ದಶಕದಲ್ಲಿ ತವರಕ್ಕೆ ಬೇಡಿಕೆ ಕುಗ್ಗಿತು. ಡಬ್ಬಿಗಳ ಮಾರುಕಟ್ಟೆಯನ್ನು ಅಲ್ಯೂಮಿನಿಯಂ ಕಸಿಯತೊಡಗಿತು. ಮಂಡಳಿಯ ಹೊರಗಿದ್ದ ದೇಶಗಳು ಉತ್ಪಾದನೆ ಹೆಚ್ಚಿಸಿದವು. ಮಂಡಳಿ ಸಾಲ ಮಾಡಿ ಕೊಳ್ಳುತ್ತಲೇ ಹೋಯಿತು. 1985ರ ಅಕ್ಟೋಬರ್ 24ರಂದು ಕೈಯಲ್ಲಿದ್ದ ಹಣ ಮುಗಿಯಿತು. ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ತವರದ ವ್ಯಾಪಾರ ನಿಂತಿತು. ಟನ್ನಿಗೆ 8,000 ಪೌಂಡ್‌ಗೂ ಮೇಲಿದ್ದ ಬೆಲೆ ಕೆಲವೇ ತಿಂಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಲಂಡನ್ನಿನ ಒಂದು ಸಭಾಂಗಣದಲ್ಲಿ ನಡೆದ ಈ ಪ್ರಮಾದಕ್ಕೆ ಬೆಲೆ ತೆತ್ತವರು ಕಡಲ ಅಡಿಯಲ್ಲಿ ಸುರಂಗ ಕೊರೆಯುತ್ತಿದ್ದ ಪೆಂಡೀನಿನ ಜನ. 1986ರಲ್ಲಿ ಬಹುಪಾಲು ಕಾರ್ಮಿಕರು ಕೆಲಸ ಕಳೆದುಕೊಂಡರು. ನಡುವೆ ಕೆಲಕಾಲ ಗಣಿ ಮತ್ತೆ ಉಸಿರಾಡಿತು. 1990ರಲ್ಲಿ ಕೆಲಸ ಪೂರ್ತಿ ನಿಂತಿತು, 1991ರಲ್ಲಿ ನೀರೆತ್ತುವ ಪಂಪುಗಳೂ ನಿಂತವು. ಪಂಪು ನಿಂತ ಗಣಿಯಲ್ಲಿ ನೀರು ಏರುತ್ತಾ ಬರುತ್ತದೆ. ಆ ಬಳಿಕ ಮನಸ್ಸು ಬದಲಿಸಿದರೂ ಹಿಂದಕ್ಕೆ ಹೋಗುವ ದಾರಿ ಬಹಳ ದುಬಾರಿ.

ಈಗ ಗೀವರ್ ಒಂದು ವಸ್ತುಸಂಗ್ರಹಾಲಯ. 1993ರಿಂದ ಸಾರ್ವಜನಿಕರಿಗೆ ತೆರೆದಿದೆ. ಅಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಯಂತ್ರಗಳಲ್ಲ, ಕಾರ್ಮಿಕರು ಬಟ್ಟೆ ಬದಲಿಸುತ್ತಿದ್ದ ಕೊಠಡಿ. ಪಾಳಿ ಮುಗಿಸಿ ಮೇಲೆ ಬಂದವರು ಸ್ನಾನ ಮಾಡಿ, ಒದ್ದೆ ಬಟ್ಟೆಗಳನ್ನು ಒಣಗಲು ಬಿಟ್ಟು ಹೋಗುತ್ತಿದ್ದ ಜಾಗ. ಕೊನೆಯ ಪಾಳಿಯ ದಿನ ಅದು ಹೇಗಿತ್ತೋ ಬಹುಮಟ್ಟಿಗೆ ಹಾಗೆಯೇ ಉಳಿಸಿದ್ದಾರೆ. ಕೆಂಪು ಮಣ್ಣು ಮೆತ್ತಿಕೊಂಡ ಮೇಲಂಗಿಗಳು, ಬೂಟುಗಳು, ಬಾಗಿಲು ಅರೆ ತೆರೆದ ಕಪಾಟುಗಳು. ನಾಳೆ ಬೆಳಿಗ್ಗೆ ಯಾರೋ ಬಂದು ತೊಟ್ಟುಕೊಳ್ಳುವರೇನೋ ಎಂಬಂತಿದ್ದವು.

ಸುರಂಗದೊಳಗೆ ನಮ್ಮನ್ನು ಕರೆದೊಯ್ದವರು ಹಿಂದೆ ಅಲ್ಲಿಯೇ ದುಡಿದಿದ್ದ ಒಬ್ಬ ಹಿರಿಯರು. ಹದಿನೆಂಟನೆಯ ಶತಮಾನದ ಆ ಸುರಂಗದಲ್ಲಿ ತಲೆಗೆ ಗಟ್ಟಿಟೋಪಿಯಿಲ್ಲದೆ ಹತ್ತು ಹೆಜ್ಜೆ ಇಡಲಾಗದು. ನಾನು ಎರಡು ಬಾರಿ ತಲೆ ಬಡಿಸಿಕೊಂಡೆ. ಅವರು ನಕ್ಕು, 'ಇಲ್ಲಿ ದುಡಿದವರೆಲ್ಲ ನಿಮ್ಮಂತೆ ಎತ್ತರದವರಾಗಿರಲಿಲ್ಲ. ಎಷ್ಟೋ ಮಂದಿ ಹುಡುಗರು' ಎಂದರು. ಹೊರಬಂದ ಮೇಲೆ, ಎಲ್ಲಿಂದ ಬಂದಿರಿ ಎಂದು ಕೇಳಿದರು. ಬೆಂಗಳೂರು ಎಂದೆ.

'ಹಾಗಾದರೆ ಕೋಲಾರ್ ನಿಮಗೆ ಗೊತ್ತಿರಬೇಕು' ಎಂದರು. ಅವರ ಮುತ್ತಜ್ಜನ ತಮ್ಮ ಅಲ್ಲಿಗೆ ಹೋಗಿದ್ದರಂತೆ. ಮನೆಯಲ್ಲಿ ಇಂದಿಗೂ ಅವರದೊಂದು ಭಾವಚಿತ್ರವಿದೆಯಂತೆ: ಬಿಳಿ ಉಡುಪು, ಬಂಗಲೆಯ ಜಗಲಿ, ಹಿಂದೆ ನಿಂತ ಇಬ್ಬರು ಆಳುಗಳು. ಬಳಿಕ ಸಹಜವಾಗಿಯೇ ಕೇಳಿದರು: 'ಅಲ್ಲಿ ಈಗ ಏನಿದೆ?'

ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಸೇವೆಯಲ್ಲಿ ಎಂಥೆಂಥ ಪ್ರಶ್ನೆಗಳಿಗೋ ಉತ್ತರ ಬರೆದುಕೊಟ್ಟವನು ನಾನು. ಆ ಸರಳ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಊರಿದೆ, ಜನರಿದ್ದಾರೆ, ಗಣಿಯಿಲ್ಲ ಎಂದಷ್ಟೇ ಹೇಳಿ, ಕೃತಜ್ಞತೆ ತಿಳಿಸಿ ಕಡಲ ದಂಡೆಯ ಹಾದಿ ಹಿಡಿದೆ.

ಗೀವರ್‌ನಿಂದ ಲೆವಾಂಟ್ ಗಣಿಗೆ ಒಂದು ಕಿ.ಮೀ.ನಷ್ಟು ದಾರಿ. ಎಡಕ್ಕೆ ಪಾಳುಬಿದ್ದ ಗೋಡೆಗಳು, ಗಿಡವೂ ಹುಟ್ಟದ ಕೆಂಪು ನೆಲ; ಬಲಕ್ಕೆ ಕಡಿದಾದ ಬಂಡೆ, ಅದರಡಿ ಅಪ್ಪಳಿಸುವ ಕಡಲು. ಮುಳ್ಳುಪೊದೆಗಳ ತುಂಬ ಹಳದಿ ಹೂ, ಬಂಡೆಯ ಸಂದುಗಳಲ್ಲಿ ಗುಲಾಬಿ ಬಣ್ಣದ ಪುಟ್ಟ ಹೂಗಳು. ಈ ಚೆಲುವಿನ ಅಡಿಯಲ್ಲಿ ಲೆವಾಂಟ್‌ನ ಸುರಂಗಗಳು ಕಡಲ ತಳದ ಕೆಳಗೆ ಒಂದೂವರೆ ಕಿ.ಮೀ.ಗೂ ಹೆಚ್ಚು ದೂರ ಹೋಗಿವೆ.

ಆಳದ ಗಣಿಗೆ ಇಳಿದು ಹತ್ತುವುದೇ ಒಂದು ಕೆಲಸ. ಲೆವಾಂಟ್‌ನಲ್ಲಿ ಅದಕ್ಕೆಂದು 1857ರಲ್ಲಿ ಒಂದು ಯಂತ್ರ ಹಾಕಿದರು. ಗಣಿಯ ಬಾವಿಯಲ್ಲಿ ಉದ್ದಕ್ಕೆ ಇಳಿಬಿಟ್ಟ ಮರದ ತೊಲೆ. ಉಗಿಯಂತ್ರದ ಬಲದಿಂದ ಅದು ಮೇಲಕ್ಕೂ ಕೆಳಕ್ಕೂ ಆಡುತ್ತಿರುತ್ತದೆ. ತೊಲೆಯ ಮೇಲೊಂದು ಮೆಟ್ಟಿಲು, ಗೋಡೆಯ ಬದಿಗೊಂದು ಹಲಗೆ. ತೊಲೆ ಮೇಲೆ ಹೋದಾಗ ಹಲಗೆಗೆ ದಾಟಬೇಕು, ಅದು ಮತ್ತೆ ಇಳಿದು ಬಂದಾಗ ಮುಂದಿನ ಮೆಟ್ಟಿಲಿಗೆ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಕತ್ತಲಿನಿಂದ ಬೆಳಕಿಗೆ. 1919ರ ಅಕ್ಟೋಬರ್ 20ರಂದು ಪಾಳಿ ಬದಲಾಗುವ ಹೊತ್ತಿನಲ್ಲಿ, ನೂರಕ್ಕೂ ಹೆಚ್ಚು ಮಂದಿ ತೊಲೆಯ ಮೇಲಿದ್ದಾಗ, ತುದಿಯ ಲೋಹದ ಕೊಂಡಿ ಮುರಿಯಿತು. 31 ಜನ ಸತ್ತರು. ಸುತ್ತಲ ಹಳ್ಳಿಗಳಲ್ಲಿ ಸಾವಿನ ಸೂತಕ ತಟ್ಟದ ಕೇರಿಯಿರಲಿಲ್ಲ.

1930ರಲ್ಲಿ ಲೆವಾಂಟ್ ಮುಚ್ಚಿತು. ಅಲ್ಲಿದ್ದ 1840ರ ಉಗಿಯಂತ್ರವನ್ನು ಗುಜರಿಗೆ ಹಾಕಲು ಹೊರಟಾಗ, 1935ರಲ್ಲಿ ಸ್ಥಳೀಯ ಆಸಕ್ತರು ಒಂದು ಸಮಿತಿ ಮಾಡಿಕೊಂಡು ಅದನ್ನು ಉಳಿಸಿಕೊಂಡರು. ದಶಕಗಳ ಬಳಿಕ ಸ್ವಯಂಸೇವಕರು ತುಕ್ಕು ಕೆರೆದು, ಬಿಡಿಭಾಗ ಜೋಡಿಸಿ, ಅದಕ್ಕೆ ಮತ್ತೆ ಉಗಿ ತುಂಬಿದರು. ಇಂದು ಅದನ್ನು ನೋಡಿಕೊಳ್ಳುತ್ತಿರುವುದು ನ್ಯಾಷನಲ್ ಟ್ರಸ್ಟ್. 2006ರಲ್ಲಿ ಈ ಇಡೀ ಗಣಿಸೀಮೆ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಮನ್ನಣೆ ಆಕಾಶದಿಂದ ಉದುರಿದ್ದಲ್ಲ. ಎಪ್ಪತ್ತು ವರ್ಷ ಮೊದಲು ಒಂದು ಹಳೆಯ ಯಂತ್ರವನ್ನು ಗುಜರಿ ಅಂಗಡಿಗೆ ಹೋಗಗೊಡದಿದ್ದ ಕೆಲವರ ಹಟಕ್ಕೂ ಅದರಲ್ಲಿ ಪಾಲಿದೆ.

ಅಲ್ಲಿಂದ ಬಟ್ಯಾಲಕ್ ಕಡೆಗೆ ನಡೆದೆ. ಕಡಲಿಗೆ ಬೀಳುವಂತೆ ಬಂಡೆಯ ಅಂಚಿಗೆ ಅಂಟಿಕೊಂಡಿರುವ ಎರಡು ಯಂತ್ರದ ಮನೆಗಳು ಅಲ್ಲಿವೆ. ಕಾರ್ನ್‌ವಾಲ್‌ನ ಬಗೆಗಿನ ಯಾವ ಪುಸ್ತಕ ತೆರೆದರೂ ಅವುಗಳ ಚಿತ್ರವಿರುತ್ತದೆ. ಎದುರಿನ ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿದೆ. ಆ ಹಿರಿಯರ ಮನೆಯ ಭಾವಚಿತ್ರ ಮನಸ್ಸಿನಿಂದ ಹೋಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೊದಲು ತಾಮ್ರದ, ನಂತರ ತವರದ ಬೆಲೆ ಕುಸಿದಾಗ ಕಾರ್ನ್‌ವಾಲ್ ಜನ ಊರು ಬಿಟ್ಟರು. 1861ರಿಂದ 1901ರವರೆಗಿನ ಪ್ರತಿ ದಶಕದಲ್ಲೂ ಅಲ್ಲಿನ ಗಂಡಸರಲ್ಲಿ ಸುಮಾರು ಐದನೇ ಒಂದು ಭಾಗ ವಿದೇಶಕ್ಕೆ ಹೋಯಿತು ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಆಸ್ಟ್ರೇಲಿಯಾ, ಮೆಕ್ಸಿಕೊ, ದಕ್ಷಿಣ ಆಫ್ರಿಕಾ, ಹಾಗೆಯೇ ಮೈಸೂರು ಸಂಸ್ಥಾನ. ತನ್ನ ಊರಿನಲ್ಲಿ ಇಕ್ಕಟ್ಟಿನ ಸಾಲುಮನೆಯಲ್ಲಿ ಬೆಳೆದು ಜೀವ ಕೈಯಲ್ಲಿ ಹಿಡಿದು ಗಣಿಗಿಳಿಯುತ್ತಿದ್ದವನು ಕೋಲಾರಕ್ಕೆ ಬಂದೊಡನೆ ದೊರೆಯಾದ. ಅವನಿಗೆ ಬಂಗಲೆ, ಕ್ಲಬ್ಬು. ಉತ್ತರ ಆರ್ಕಾಟಿನಿಂದಲೋ ಸೇಲಂನಿಂದಲೋ ಬಂದ ತಮಿಳು ಕೂಲಿಗೆ, ನೆರೆಯ ತೆಲುಗು, ಕನ್ನಡದ ಬಡವನಿಗೆ ತಟ್ಟಿ ಗೋಡೆಯ ಲೈನುಮನೆ. ಪುಟ್ಟ ಇಂಗ್ಲೆಂಡಿನ ಸೊಬಗನ್ನು ನೆನೆಯುವಾಗ ಈ ಮೇಲುಕೀಳನ್ನು ಮರೆಯುವುದು ಅಪ್ರಾಮಾಣಿಕತೆಯಾದೀತು. ಆದರೂ ಒಂದು ಸಂಗತಿ ಉಳಿಯುತ್ತದೆ. ದೊರೆಯೂ ಕೂಲಿಯೂ ಬೆಲೆ ಎಂಬ ಒಂದೇ ಕೈಯ ಬೀಸಿಗೆ ಸಿಕ್ಕಿ ಊರು ಬಿಟ್ಟವರು.

ನಮ್ಮ ಗಣಿಗಳ ಸಾಧನೆಯೂ ಸಣ್ಣದಲ್ಲ. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ. ಚಾಂಪಿಯನ್ ರೀಫ್‌ನ ಆಳ ಮೂರು ಕಿ.ಮೀ.ಗೂ ಮಿಗಿಲು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ ಹರಿದು ಮೊದಲು ಬಂದದ್ದು ಬೆಂಗಳೂರಿಗಲ್ಲ, ಇಲ್ಲಿಗೆ. 1965ರಲ್ಲಿ ವಾತಾವರಣದ ನ್ಯೂಟ್ರಿನೊ ಕಣಗಳನ್ನು ಗುರುತಿಸಿದ ಪ್ರಯೋಗ ನಡೆದದ್ದೂ ಈ ಗಣಿಯ ಆಳದಲ್ಲಿ. ಇಷ್ಟೆಲ್ಲ ಇದ್ದೂ, ಕುತೂಹಲದಿಂದ ಕೆ.ಜಿ.ಎಫ್‌.ಗೆ ಹೋದ ವಿದ್ಯಾರ್ಥಿಯೊಬ್ಬನನ್ನು ಕೈಹಿಡಿದು ಸುರಂಗದ ಬಾಯಿಗೆ ಕರೆದೊಯ್ದು, 'ಇಲ್ಲಿ ನಾನು ದುಡಿದೆ' ಎಂದು ಹೇಳುವ ಹಿರಿಯರಿಗೊಂದು ಗೀವರ್ ಇಲ್ಲ.

ಇಲ್ಲಿ ನನ್ನ ಪಾಲಿನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಗಣಿ ಮುಚ್ಚುವ ಮಾತು ಗಟ್ಟಿಯಾಗಿದ್ದ ದಿನಗಳಲ್ಲಿ, ನಾನಿದ್ದ ಕಚೇರಿಯಲ್ಲಿ ಅದರ ಪರಿಣಾಮಗಳ ಬಗ್ಗೆ ಒಂದು ಟಿಪ್ಪಣಿ ಸಿದ್ಧಪಡಿಸುವ ಹೊಣೆ ನನ್ನ ಮೇಲೆ ಬಿತ್ತು. ಅರ್ಥಶಾಸ್ತ್ರ ಓದಿದವನೆಂಬ ಹಮ್ಮು ಬೇರೆ ಇತ್ತು. ನಾಲ್ಕು ಪುಟ ಬರೆದೆ. ಒಂದು ಗ್ರಾಂ ಚಿನ್ನ ತೆಗೆಯಲು ತಗಲುವ ವೆಚ್ಚ ಅದರ ಮಾರುಕಟ್ಟೆ ಬೆಲೆಗಿಂತ ಹೆಚ್ಚಿರುವಾಗ ಗಣಿ ಮುಂದುವರಿಸುವುದು ಸಾರ್ವಜನಿಕ ಹಣದ ಅಪವ್ಯಯ ಎಂದು ಅಂಕಿಅಂಶಗಳೊಂದಿಗೆ ವಾದಿಸಿದೆ. ಕಾರ್ಮಿಕರ ಬಗ್ಗೆ, ಅವರ ಮಕ್ಕಳ ಬಗ್ಗೆ, ಊರಿನ ಬಗ್ಗೆ ಬರೆದದ್ದು ಕೊನೆಯಲ್ಲಿ ಒಂದೇ ಸಾಲು: 'ಪರ್ಯಾಯ ಉದ್ಯೋಗದ ಸಾಧ್ಯತೆಗಳನ್ನು ಪರಿಶೀಲಿಸಬಹುದು.' ಕಡತಗಳ ಭಾಷೆ ಬಲ್ಲವರಿಗೆ ಈ 'ಬಹುದು' ಎಂಬುದರ ಅರ್ಥ ಗೊತ್ತು. ಯಾರೂ ಪರಿಶೀಲಿಸಬೇಕಾಗಿಲ್ಲ ಎಂದೇ ಅದರ ಅರ್ಥ.

ನನ್ನ ಲೆಕ್ಕ ಆ ದಿನದ ಮಟ್ಟಿಗೆ ತಪ್ಪಾಗಿರಲಿಲ್ಲ. 2001ರಲ್ಲಿ ಚಿನ್ನ ಔನ್ಸಿಗೆ 270 ಡಾಲರಿನ ಆಸುಪಾಸಿನಲ್ಲಿತ್ತು. 2025ರಲ್ಲಿ ಅದು 4,000 ಡಾಲರ್ ದಾಟಿತು. ತವರದ ಕಥೆಯೂ ಅಷ್ಟೆ. ಗೀವರ್ ಅನ್ನು ಮುಳುಗಿಸಿದ ಲೋಹ 2022ರ ಆರಂಭದಲ್ಲಿ ಟನ್ನಿಗೆ 40,000 ಡಾಲರ್ ಮೀರಿತ್ತು. ಹಾಗೆಂದು ನಷ್ಟದ ಗಣಿಯನ್ನು ಬೆಲೆ ಏರುವವರೆಗೆ ನಡೆಸಬೇಕಿತ್ತೆಂದು ನಾನು ವಾದಿಸಲಾರೆ. ಗಣಿ ಮುಚ್ಚುವುದು ಬೆಲೆಯ ಪ್ರಶ್ನೆ. ಊರು ಉಳಿಯುವುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕ ಮಾತ್ರಕ್ಕೆ ಎರಡನೆಯದಕ್ಕೂ ಸಿಕ್ಕಿತೆಂದು ಭಾವಿಸಿದ್ದೇ ನನ್ನ ತಪ್ಪು.

ಪೆಂಡೀನ್ ಆ ಎರಡನೆಯ ಪ್ರಶ್ನೆಯನ್ನು ಪೂರ್ತಿ ಬಗೆಹರಿಸಿದೆಯೇ? ಇಲ್ಲ. ವಸ್ತುಸಂಗ್ರಹಾಲಯ ಕೊಡುವ ಕೆಲಸ ಗಣಿ ಕೊಡುತ್ತಿದ್ದ ಕೆಲಸಕ್ಕೆ ಸಮವಾಗದು. ಬೇಸಿಗೆಯ ಪ್ರವಾಸಿಗರು ಹೋದ ಮೇಲೆ ಚಳಿಗಾಲದ ತಿಂಗಳುಗಳು ಉದ್ದವಾಗುತ್ತವೆ. ಕಾರ್ನ್‌ವಾಲ್ ಬ್ರಿಟನ್ನಿನ ಬಡ ಪ್ರದೇಶಗಳಲ್ಲಿ ಒಂದು. ಸರಾಸರಿ ಆದಾಯ ತೀರ ಕಡಿಮೆಯೆಂಬ ಕಾರಣಕ್ಕೆ 2000ದಿಂದ ಯೂರೋಪಿಯನ್ ಒಕ್ಕೂಟದ ವಿಶೇಷ ನೆರವು ಪಡೆದ ಈ ಪ್ರದೇಶವೇ 2016ರ ಜನಮತಗಣನೆಯಲ್ಲಿ ಶೇ 56.5ರಷ್ಟು ಮತಗಳಿಂದ ಒಕ್ಕೂಟವನ್ನು ತೊರೆಯಲು ಹೇಳಿತು. ಕಡಲತಡಿಯ ಹಳ್ಳಿಗಳ ಮನೆಗಳನ್ನು ದೂರದ ಶ್ರೀಮಂತರು ರಜೆಯ ಬಿಡಾರಕ್ಕೆಂದು ಕೊಳ್ಳುವುದರಿಂದ ಊರ ಮಕ್ಕಳಿಗೆ ಮನೆ ಕೈಗೆಟುಕುತ್ತಿಲ್ಲ. ಅಂಥ ಎರಡನೆಯ ಮನೆಗಳ ಮೇಲಿನ ತೆರಿಗೆಯನ್ನು ಅಲ್ಲಿನ ಕೌನ್ಸಿಲ್ 2025ರ ಏಪ್ರಿಲ್‌ನಿಂದ ದುಪ್ಪಟ್ಟು ಮಾಡಿದೆ.

ಆದರೂ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಸ್ಥಳೀಯ ಆಡಳಿತ ಗೀವರ್ ಗಣಿಯನ್ನು ಕೊಂಡಿತು. ಪರಂಪರೆಯ ನಿಧಿಯಿಂದ ಹಣ ಬಂತು. 2001ರಿಂದ ಅದನ್ನು ನಡೆಸುತ್ತಿರುವುದು ಪೆಂಡೀನಿನ ಜನರದೇ ಒಂದು ಸೇವಾಸಂಸ್ಥೆ. ಕೋಲಾರದ ಗಣಿಗೆ ಬೀಗ ಬಿದ್ದದ್ದೂ ಅದೇ ವರ್ಷ. ಅಲ್ಲಿ ಸತ್ತ ಗಣಿಗೆ ವಾರಸುದಾರರಿದ್ದರು. ಇಲ್ಲಿ ಗಣಿಗಾರರ ಮಕ್ಕಳು ನಸುಕಿಗೇ ಎದ್ದು ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬಂದು ರಾತ್ರಿ ಹಿಂದಿರುಗುತ್ತಾರೆ. ಅವರ ಹಿಂದೆ ಊರಿನಲ್ಲಿ ಉಳಿಯುವುದು ಬೂದುಬಣ್ಣದ ಸೈನೈಡ್ ದಿಬ್ಬಗಳು. ಗಾಳಿಯ ಕಾಲದಲ್ಲಿ ಅದರ ದೂಳು ಮನೆಯೊಳಗೂ ಬರುತ್ತದೆ.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತೇವೆ. ಗಣಿಯ ಮಟ್ಟಿಗೂ ಅದು ನಿಜ ಎಂಬುದು ಈಗ ಎಲ್ಲರಿಗೂ ಹೊಳೆದಂತಿದೆ. ಕಾರ್ನ್‌ವಾಲ್‌ನಲ್ಲಿ 1998ರಲ್ಲಿ ಮುಚ್ಚಿದ ಸೌತ್ ಕ್ರಾಫ್ಟಿ ಗಣಿಯನ್ನು ಮತ್ತೆ ತೆರೆಯಲು 2023ರಲ್ಲಿ ನೀರು ಹೊರಹಾಕುವ ಕೆಲಸ ಶುರುವಾಯಿತು. ನಮ್ಮಲ್ಲಿ ಕೆ.ಜಿ.ಎಫ್‌.ನ 13 ದಿಬ್ಬಗಳಲ್ಲಿರುವ ಸುಮಾರು 3.3 ಕೋಟಿ ಟನ್ ತ್ಯಾಜ್ಯದಿಂದ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಈ ಬಾರಿ ಸಾವಿರ ಯಾರಿಗೆ ಎಂಬ ಪ್ರಶ್ನೆಯನ್ನು ಮೊದಲ ಪುಟದಲ್ಲೇ ಬರೆಯಬೇಕು. ಬರುವ ಆದಾಯದ ಒಂದು ಪಾಲು ಆ ಊರಿನ ಆಸ್ಪತ್ರೆಗೆ, ಶಾಲೆಗೆ, ಕುಡಿಯುವ ನೀರಿಗೆ ಕಟ್ಟಿಡಲಿ. ಒಂದು ಗಣಿಬಾಯಿ, ಒಂದು ಯಂತ್ರಶಾಲೆ, ಉಳಿದಿರುವ ಹಳೆಯ ದಾಖಲೆಗಳು ಊರಿನವರದೇ ಒಂದು ಸಂಸ್ಥೆಯ ವಶಕ್ಕೆ ಬರಲಿ. ಆಳದಲ್ಲಿ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಹತ್ತು ವರ್ಷ ಕಳೆದರೆ ಹೇಳುವವರೇ ಇರುವುದಿಲ್ಲ.

ಸಂಜೆಯ ಬಸ್ಸಿಗೆ ಕಾಯುತ್ತಾ ಪೆಂಡೀನಿನ ರಸ್ತೆಬದಿಯ ಬೆಂಚಿನ ಮೇಲೆ ಕುಳಿತಿದ್ದಾಗ, ಬೆಳಿಗ್ಗೆ ಮಾತಾಡಿದ್ದ ಹಿರಿಯರು ಕೆಲಸ ಮುಗಿಸಿ ಮನೆಗೆ ಹೋಗುತ್ತಿರುವುದು ಕಂಡಿತು. ಕೈಯೆತ್ತಿ ನಮಸ್ಕರಿಸಿ ಮುಂದೆ ಹೋದರು. ಅವರ ಪ್ರಶ್ನೆಗೆ ನಾನು ಸರಿಯಾಗಿ ಉತ್ತರಿಸಿರಲಿಲ್ಲ. ದಿಬ್ಬಗಳ ಕಡತ ಈಗ ಯಾವುದೋ ಕಚೇರಿಯ ಮೇಜಿನ ಮೇಲಿರುತ್ತದೆ. ಯಾರೋ ಕಿರಿಯ ಅಧಿಕಾರಿ ಅದಕ್ಕೆ ಟಿಪ್ಪಣಿ ಬರೆಯುತ್ತಿರುತ್ತಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟೆ: ಊರಿನ ವಿಷಯ ಬರುವ ಸಾಲಿನಲ್ಲಿ 'ಪರಿಶೀಲಿಸಬಹುದು' ಎಂದು ಬರೆಯಬೇಡಿ, 'ಮಾಡತಕ್ಕದ್ದು' ಎಂದು ಬರೆಯಿರಿ.